ಕೈವಾರನಾಡಿನ ಧರ್ಮಕಾರ್ಯಗಳು

ಕೈವಾರವೆಂಬ ಹೆಸರು ಕಿವಿಗೆ ಬಿದ್ದೊಡನೆ ಭಕ್ತಜನರ ಮನಸ್ಸಿಗೆ ಬರುವ ಸಂಗತಿಗಳು ಎರಡು. ಪಾಂಡವರು ವೇಷ ಮರೆಸಿಕೊಂಡು ತಂಗಿದ್ದ ಏಕಚಕ್ರನಗರವು ಇದೇ ಎಂಬ ಸ್ಥಳಪುರಾಣವು ಮೊದಲನೆಯದು. ಬಳೆಯ ಮಲಾರವನ್ನು ಹೊತ್ತು ಊರೂರು ತಿರುಗಿ, ಕಡೆಗೆ ಯೋಗಿಯಾಗಿ ನಿಂತ ಶ್ರೀ ನಾರೇಯಣ ತಾತಯ್ಯನವರ ಚರಿತ್ರೆಯು ಎರಡನೆಯದು. ಮೊದಲನೆಯ ಕಥೆಯನ್ನು ಅರಿಯದ ಮಕ್ಕಳು ಈ ಪ್ರಾಂತದಲ್ಲಿಲ್ಲ. ದಿನಕ್ಕೊಂದು ಬಂಡಿ ಅನ್ನವನ್ನೂ, ಅದರೊಡನೆ ಒಬ್ಬ ಮನುಷ್ಯನನ್ನೂ ಬಕಾಸುರನಿಗೆ ಒಪ್ಪಿಸಬೇಕಾಗಿದ್ದ ಊರಿನಲ್ಲಿ, ಆಶ್ರಯವಿತ್ತ ಮನೆಯವರ ಸರದಿ ಬಂದಾಗ ಕುಂತಿಯು ತನ್ನ ಮಗನನ್ನೇ ಕಳುಹಿಸಿಕೊಟ್ಟಳು. ಕೇಳದೆ ಬಂದು ಪರರ ಹೊರೆಯನ್ನು ತನ್ನದಾಗಿ ಹೊತ್ತ ಈ ಕಥೆಯ ಸತ್ಯಾಸತ್ಯವನ್ನು ಚರಿತ್ರಕಾರನು ನಿರ್ಣಯಿಸಲಾರನು. ಆದರೂ ಒಂದು ಊರು ತನ್ನದೆಂದು ಯಾವ ಕಥೆಯನ್ನು ಆರಿಸಿಕೊಂಡಿತು ಎಂಬುದೇ ಆ ಊರಿನ ಚರಿತ್ರೆಯಲ್ಲಿ ಒಂದು ಸಂಗತಿಯಾಗುತ್ತದೆ. ಭೀಮನ ಹೆಸರಿನ ಶಿವಾಲಯವು ಇಂದಿಗೂ ಕೈವಾರದಲ್ಲಿ ಪೂಜೆಗೊಳ್ಳುತ್ತಿದೆ.

ಪುರಾಣವನ್ನು ಬಿಟ್ಟು ನೆಲದ ಕಡೆಗೆ ನೋಡಿದರೆ, ಇಲ್ಲಿಯ ದಾನಧರ್ಮಗಳು ಯಾವ ದಾರಿಯನ್ನು ಹಿಡಿಯಬೇಕಾಯಿತೆಂಬುದು ತಾನಾಗಿಯೇ ಗೋಚರವಾಗುತ್ತದೆ. ಉತ್ತರಪಿನಾಕಿನಿ, ದಕ್ಷಿಣಪಿನಾಕಿನಿ, ಚಿತ್ರಾವತಿ, ಪಾಪಘ್ನಿ, ಪಾಲಾರ್ ಇವೆಲ್ಲವೂ ನಂದಿದುರ್ಗದ ಸುತ್ತಮುತ್ತಣ ಎತ್ತರದ ಸೀಮೆಯಲ್ಲಿ ಹುಟ್ಟುವ ನದಿಗಳು. ಆದರೆ ಹುಟ್ಟುವ ನದಿಯು ತವರಿಗೆ ನೀರು ಕೊಡುವುದಿಲ್ಲ. ಅದು ಕೊಡುವುದು ಸೇರುವ ಮನೆಗೆ. ಹರಿದು ಆಂಧ್ರವನ್ನೂ ತಮಿಳುನಾಡನ್ನೂ ತಣಿಸುವ ಈ ಹೊಳೆಗಳು ತಮ್ಮ ಮೂಲದಲ್ಲಿ ಮಳೆಗಾಲದ ಹಳ್ಳಗಳಾಗಿರುವುದರಿಂದ, ಇಲ್ಲಿಯ ಜನರಿಗೆ ಕೆರೆಯೇ ಹೊಳೆ, ಕೆರೆಯೇ ಬಾವಿ, ಕೆರೆಯೇ ಅನ್ನ. ಆದುದರಿಂದ ಕೈವಾರನಾಡಿನಲ್ಲಿ ಧರ್ಮವೆಂದರೆ ಮೊದಲು ನೀರಿನ ಧರ್ಮ.

ಬಿ. ಎಲ್. ರೈಸ್ ಮಹಾಶಯರು 1905ರಲ್ಲಿ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಗ್ರಂಥಮಾಲೆಯ 10ನೆಯ ಸಂಪುಟವು ಕೋಲಾರ ಜಿಲ್ಲೆಯ ಶಾಸನಗಳಿಗೆ ಮೀಸಲಾಗಿದೆ. ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ, ಗೌರಿಬಿದನೂರು ಸೀಮೆಗಳು ಆಗ ಕೋಲಾರ ಜಿಲ್ಲೆಗೇ ಸೇರಿದ್ದುವು. ಚಿಕ್ಕಬಳ್ಳಾಪುರವು ಬೇರೆ ಜಿಲ್ಲೆಯಾದುದು 2007ರಲ್ಲಿ. ಕೈವಾರನಾಡೆಂಬ ಹೆಸರು ಈ ಶಾಸನಗಳಲ್ಲಿಯೇ ಕಾಣಬರುವುದು. ದೇವಾಲಯ ಕಟ್ಟಿಸಿದವರ ಹೆಸರುಗಳು ಅಲ್ಲಿ ಇಲ್ಲವೆಂದಲ್ಲ. ನಂದಿಯ ಭೋಗನಂದೀಶ್ವರನ ಆಲಯವನ್ನು 9ನೆಯ ಶತಮಾನದ ಆದಿಯಲ್ಲಿ ಕಟ್ಟಿಸಿದವಳು ಬಾಣರಸರ ರಾಣಿ ರತ್ನಾವಳಿಯೆಂದು ತಿಳಿದುಬರುತ್ತದೆ. ಆದರೆ ಆ ಸಂಪುಟವನ್ನು ತಿರುವಿ ಹಾಕುವವರ ಕಣ್ಣಿಗೆ ಮತ್ತೆ ಮತ್ತೆ ಬೀಳುವ ಮಾತುಗಳು ಬೇರೆಯೇ: ಕಟ್ಟುಕೊಡಗೆ, ಬಿತ್ತುವಟ್ಟ, ದಶವಂದ, ತೂಬು, ಕೋಡಿ, ಏರಿ.

ಈ ಪದಗಳ ಅರ್ಥವನ್ನು ಸ್ವಲ್ಪ ವಿಚಾರಿಸಿ ನೋಡುವುದು ಆವಶ್ಯಕ. ಕೆರೆಯನ್ನು ಕಟ್ಟಿಸಿದವನಿಗೆ, ಅಥವಾ ಒಡೆದ ಕೆರೆಯನ್ನು ಮರಳಿ ಕಟ್ಟಿಸಿದವನಿಗೆ, ಅದರ ಕೆಳಗಣ ಗದ್ದೆಯಲ್ಲಿ ಒಂದಂಶವನ್ನು ತೆರಿಗೆಯಿಲ್ಲದೆ ಬಿಟ್ಟುಕೊಡುವುದು ಕಟ್ಟುಕೊಡಗೆ. ಹೊರನೋಟಕ್ಕೆ ಇದು ಬಹುಮಾನದಂತೆ ತೋರಿದರೂ ನಿಜಕ್ಕೆ ಇದೊಂದು ಕರಾರು. ಭೂಮಿಯನ್ನು ಉಣ್ಣುವ ತನಕ ಕೆರೆಯನ್ನು ಕಾಯತಕ್ಕದ್ದು. ಏರಿ ಕುಸಿದರೆ ಮಣ್ಣು ಹಾಕತಕ್ಕದ್ದು. ತೂಬಿನ ಕಲ್ಲು ಜರುಗಿದರೆ ಕೂಡಿಸತಕ್ಕದ್ದು. ದಾತನು ತೀರಿಕೊಂಡರೆ ಆ ಹೊಣೆಯು ಅವನ ಮಕ್ಕಳಿಗೆ ಇಳಿಯುತ್ತಿತ್ತು, ಏಕೆಂದರೆ ಗದ್ದೆಯೂ ಅವರಿಗೆ ಇಳಿಯುತ್ತಿತ್ತು. ಬಿತ್ತುವಟ್ಟವೂ ಇದೇ ಜಾತಿಯದು. ಕನ್ನಡನಾಡಿನ ಶಾಸನಗಳಲ್ಲಿ ಕೆಲವೆಡೆ ಕೆರೆಯ ಮಣ್ಣು ಹೊರುವ ಬಂಡಿಗೂ, ಆ ಬಂಡಿಗೆ ಹೂಡುವ ಕೋಣಗಳಿಗೂ, ಅವುಗಳನ್ನು ಹೊಡೆಯುವ ಆಳಿಗೂ ಬೇರೆಬೇರೆಯಾಗಿ ದತ್ತಿಯಿಟ್ಟಿರುವುದುಂಟು. ಹೀಗೆ ಆ ಕಾಲದ ದಾತನು ಕಟ್ಟುವ ದಿನದ ಖರ್ಚಿಗಿಂತ, ತಾನು ಇಲ್ಲದ ದಿನದ ಖರ್ಚನ್ನು ಹೆಚ್ಚಾಗಿ ಯೋಚಿಸಿದ್ದನು.

ಶಾಸನಗಳ ಕಡೆಯಲ್ಲಿ ಬರುವ ಶಾಪವಾಕ್ಯಗಳು ಎಲ್ಲರಿಗೂ ಪರಿಚಿತವೇ; ಧರ್ಮಕ್ಕೆ ಅಳುಪಿದವನು ಗಂಗೆಯ ತಡಿಯಲ್ಲಿ ಗೋವನ್ನು ಕೊಂದ ಪಾಪಕ್ಕೆ ಹೋಗುವನೆಂದು ಅವು ಹೆದರಿಸುವುವು. ಅವುಗಳ ಪಕ್ಕದಲ್ಲಿಯೇ, ದಾನ ಮಾಡುವುದಕ್ಕಿಂತ ಪರರು ಮಾಡಿದ ದಾನವನ್ನು ಕಾಪಾಡುವುದೇ ಮೇಲೆಂಬ ಅರ್ಥದ ಶ್ಲೋಕವೂ ಬರುವುದು. ಓದುಗರು ಶಾಪವನ್ನು ಜ್ಞಾಪಕದಲ್ಲಿಟ್ಟುಕೊಂಡು ಈ ಮಾತನ್ನು ಮರೆಯುವುದೇ ವಾಡಿಕೆ. ಸಾವಿರ ವರ್ಷಗಳ ಕಾಲ ಊರೂರಿನ ಕಲ್ಲಿನ ಮೇಲೆ ಒಂದೇ ಮಾತನ್ನು ಕೊರೆಯಿಸಬೇಕಾಗಿ ಬಂದುದರಿಂದ, ಕಾಪಾಡುವವರ ಅಭಾವವು ಅಂದಿಗೂ ಇದ್ದಿತೆಂದು ಊಹಿಸಬಹುದು.

ಶಿವಶರಣರು ಈ ವಿಚಾರವನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ದರು. ದಾನವೆಂಬಲ್ಲಿ ಕೊಡುವವನ ಕೈ ಮೇಲೆ, ತೆಗೆದುಕೊಳ್ಳುವವನ ಕೈ ಕೆಳಗೆ. ದಾಸೋಹದಲ್ಲಿ ಕೊಡುವವನೇ ದಾಸನು. ಈ ಭೇದವನ್ನು ಗ್ರಂಥಗಳಿಂದ ವಿವರಿಸುವುದಕ್ಕಿಂತ ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ವೃತ್ತಾಂತದಿಂದ ತಿಳಿಯುವುದು ಸುಲಭ. ಕಲ್ಯಾಣದ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು, ಅದರಿಂದಲೇ ಜಂಗಮಾರ್ಚನೆ ನಡೆಸುತ್ತಿದ್ದ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚಾಗಿ ಆಯ್ದು ತಂದನು. ಸತಿಯು ಅದನ್ನು ಒಳಕ್ಕೆ ಕೊಳ್ಳಲಿಲ್ಲ. ಹೆಚ್ಚಾದುದನ್ನು ಎತ್ತಿದ ಸ್ಥಳದಲ್ಲಿಯೇ ಸುರಿದು ಬರಬೇಕೆಂದು ಗಂಡನನ್ನು ಹಿಂದಕ್ಕೆ ಕಳುಹಿಸಿದಳು. ದಾಸೋಹಕ್ಕೆಂದೇ ತಂದ ಅಕ್ಕಿಯಾದರೂ ಕಾಯಕವನ್ನು ಮೀರಿ ಬಂದುದಾದರೆ ಸಲ್ಲದೆಂಬುದು ಆಕೆಯ ನಿರ್ಣಯ. ಹಣವು ಎಲ್ಲಿಂದ ಬಂದಿತೆಂದು ಕೇಳದೆ ಫಲಕದ ಮೇಲೆ ಹೆಸರು ಕೆತ್ತುವ ಈ ಕಾಲದವರು ಲಕ್ಕಮ್ಮನ ಬಾಗಿಲಿಗೆ ಹೋಗಿದ್ದರೆ ಎಷ್ಟು ಮಂದಿ ಚೀಲದೊಡನೆ ಹಿಂದಿರುಗಬೇಕಾಗಿತ್ತೋ!

ಕೈವಾರದ ತಾತಯ್ಯನವರು ಶರಣಪರಂಪರೆಗೆ ಸೇರಿದವರಲ್ಲ, ಅಮರನಾರೇಯಣನ ಭಕ್ತರು. ಅವರ ಜನನವು 1726ರಲ್ಲಿ ಆಯಿತೆಂದೂ, 1836ರಲ್ಲಿ ಸಮಾಧಿಸ್ಥರಾದರೆಂದೂ ಭಕ್ತರು ನಂಬಿ ಬಂದಿದ್ದಾರೆ. ಬಳೆಯ ವ್ಯಾಪಾರದಲ್ಲಿ ಅವರು ಲಾಭವನ್ನು ಕಾಣದವರೆಂದೂ, ಗುರುಗಳ ಅಪ್ಪಣೆಯಂತೆ ಬಾಯಲ್ಲಿ ಬೆಣಚುಕಲ್ಲನ್ನಿಟ್ಟುಕೊಂಡು ನರಸಿಂಹನ ಗವಿಯಲ್ಲಿ ತಪಸ್ಸಿಗೆ ಕುಳಿತಾಗ ಆ ಕಲ್ಲೇ ಕಲ್ಲುಸಕ್ಕರೆಯಾಯಿತೆಂದೂ ಐತಿಹ್ಯವಿದೆ. ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಹಾಡಿದ ಅವರ ಕೃತಿಗಳು, ಅವುಗಳಲ್ಲಿ ಮುಖ್ಯವಾಗಿ ಕಾಲಜ್ಞಾನವು, ಎರಡು ಭಾಷೆಗಳೂ ಬೆರೆತ ಈ ಸೀಮೆಯ ಮನೆಮನೆಗಳಲ್ಲಿ ಉಳಿದಿವೆ. ಪರಂಪರೆ ಬೇರೆಯಾದರೂ ಅವರ ಸ್ಥಾನದಲ್ಲಿ ನಡೆದುಬಂದ ಕಾರ್ಯವು ದಾಸೋಹದ ಭಕ್ತರಿಗೆ ಅಪರಿಚಿತವಲ್ಲ. ಮಠಕ್ಕೆ ಬಂದವರಿಗೆ ಅನ್ನವಿಕ್ಕುವುದು, ಆಷಾಢದ ಗುರುಪೂರ್ಣಿಮೆಯಲ್ಲಿ ಕರ್ಣಾಟಕ, ಆಂಧ್ರ, ತಮಿಳುನಾಡುಗಳಿಂದ ಕೂಡುವ ಭಜನಮಂಡಲಿಗಳು 72 ಗಂಟೆಗಳ ಕಾಲ ಎಡೆಬಿಡದೆ ಹಾಡುವುದು, ಇವು ಆ ಕ್ಷೇತ್ರದ ಈಚಿನ ಚರಿತ್ರೆಯ ಅಂಗಗಳು. ಕ್ಷೇತ್ರದ ಅಭಿವೃದ್ಧಿಗೆ ಕೈಹಾಕಿದವರಲ್ಲಿ ಪ್ರಮುಖರು, ಗುತ್ತಿಗೆದಾರರಾಗಿಯೂ ವಿದ್ಯಾಸಂಸ್ಥೆಗಳ ಸ್ಥಾಪಕರಾಗಿಯೂ ಪ್ರಸಿದ್ಧರಾದ ಎಂ. ಎಸ್. ರಾಮಯ್ಯನವರು (1922–1997). ಇಂಥ ಉತ್ಸವಗಳಲ್ಲಿ ಹಾಡಿದವರ ಹೆಸರುಗಳು ಬರಹದಲ್ಲಿ ಉಳಿಯುವುವು. ಸೌದೆ ಒಡೆದವರ, ಎಲೆ ತೆಗೆದವರ, ಕೊಪ್ಪರಿಗೆ ಬೆಳಗಿದವರ ಹೆಸರುಗಳನ್ನು ಯಾವ ಮಠದ ಕಡತದಲ್ಲಿಯೂ ಹುಡುಕುವಂತಿಲ್ಲ.

ದಾರಿಯ ಧರ್ಮಗಳ ವಿಚಾರವನ್ನೂ ಇಲ್ಲಿ ಸೂಚಿಸಬೇಕು. ಬೇಸಗೆಯ ಅರವಟ್ಟಿಗೆ, ಗುಂಡುತೋಪು, ಅಶ್ವತ್ಥಕಟ್ಟೆ, ತಲೆಹೊರೆಯನ್ನು ಮತ್ತೊಬ್ಬರ ಸಹಾಯವಿಲ್ಲದೆ ಇಳುಹಲು ನೆಟ್ಟ ಕಲ್ಲುಗಳು, ಇವೆಲ್ಲ ಅರಸರಿಗಿಂತ ಹೆಚ್ಚಾಗಿ ಊರಿನ ಸಾಮಾನ್ಯರೇ ಮಾಡಿಸಿದ ಪುಣ್ಯಗಳು. ಮಜ್ಜಿಗೆಯ ಗಡಿಗೆಯನ್ನಿಟ್ಟು ದಾರಿಹೋಕರನ್ನು ಕಾದು ಕುಳಿತ ಅಜ್ಜಿಯು ಶಾಸನ ಹಾಕಿಸಿದವಳಲ್ಲ. ಮೋಟಾರು ಬಂದ ಮೇಲೆ ಹೊರೆಗಲ್ಲುಗಳು ನಿರುಪಯೋಗವಾದುವು. ತೋಪುಗಳು ಒಂದೊಂದಾಗಿ ಸೌದೆಯಾದುವು.

ಇಷ್ಟೆಲ್ಲ ಧರ್ಮಗಳ ಬಲಾಬಲವನ್ನು ಒಂದೇ ಪೆಟ್ಟಿಗೆ ಪರೀಕ್ಷಿಸಿದುದು ಧಾತು, ಈಶ್ವರ ಸಂವತ್ಸರಗಳ ಕ್ಷಾಮ. 1876ರಿಂದ 1878ರವರೆಗೆ ಮೈಸೂರು ಸೀಮೆಯ ಮೇಲೆ ಬಿದ್ದ ಆ ಬರದ ಹೆಸರನ್ನೆತ್ತಿದರೆ ಮುದುಕರು ಬಹುಕಾಲ ಬೆದರುತ್ತಿದ್ದರು. 1871ರ ಖಾನೇಷುಮಾರಿಯಲ್ಲಿ 50,55,412 ಇದ್ದ ಮೈಸೂರು ಸಂಸ್ಥಾನದ ಜನಸಂಖ್ಯೆಯು 1881ರಲ್ಲಿ 41,86,188ಕ್ಕೆ ಇಳಿದಿತ್ತು. ಕೋಲಾರ ಜಿಲ್ಲೆಯು ಸುಮಾರು ಕಾಲುಭಾಗ ಜನರನ್ನು ಕಳೆದುಕೊಂಡಿತು. ಸರಕಾರದ ಗಂಜಿಯ ಕೇಂದ್ರಗಳು ಎದ್ದುವು. ಲಂಡನ್ನಿನ ಮೇಯರರ ನೇತೃತ್ವದಲ್ಲಿ ಕೂಡಿದ ಚಂದಾಹಣದಿಂದ ರೈತರಿಗೆ ಬೀಜಕ್ಕೂ ಎತ್ತಿಗೂ ನೆರವು ದೊರೆಯಿತು. ಸ್ಥಳೀಯ ಸಾಹುಕಾರರಲ್ಲಿ ಹಗೇವನ್ನು ತೆರೆದವರೂ ಇದ್ದರು, ಮುಚ್ಚಿದವರೂ ಇದ್ದರು. ಮನೆಮನೆಯ ಅನ್ನದಾನವು ಒಂದು ವರ್ಷದ ಬರವನ್ನು ತಡೆಯಬಲ್ಲುದು, ಎರಡನೆಯ ವರ್ಷದಲ್ಲಿ ಕೊಡುವವನೇ ಬೇಡುವವರ ಸಾಲಿಗೆ ಬರುವನು. ಒಬ್ಬೊಬ್ಬರ ಪುಣ್ಯಕ್ಕೆ ಬಿಟ್ಟ ಧರ್ಮಕ್ಕೆ ಒಂದು ಎಲ್ಲೆಯುಂಟೆಂಬ ಕಟುಸತ್ಯವು ಆಗ ಪ್ರಕಟವಾಯಿತು.

ಕೆರೆಗಳ ಅವಸ್ಥೆಯೂ ಆ ವೇಳೆಗೆ ಬದಲಾಗಿದ್ದಿತು. ಮೈಸೂರಿನ ಮುಖ್ಯ ಇಂಜಿನಿಯರರಾಗಿದ್ದ ಸ್ಯಾಂಕಿಯವರು, ಇಲ್ಲಿಯ ಪೂರ್ವಿಕರು ಕೆರೆಗಳನ್ನು ಎಷ್ಟು ದಟ್ಟವಾಗಿ ಕಟ್ಟಿದ್ದಾರೆಂದರೆ ಹೊಸ ಕೆರೆಗೆ ತಕ್ಕ ಸ್ಥಳವನ್ನು ಹುಡುಕುವುದಕ್ಕೂ ಜಾಣತನ ಬೇಕೆಂಬ ಅಭಿಪ್ರಾಯವನ್ನು 1866ರಲ್ಲಿ ವ್ಯಕ್ತಪಡಿಸಿದ್ದರು. ಕಟ್ಟುವುದಕ್ಕೆ ಸ್ಥಳವಿಲ್ಲದ ನಾಡಿನಲ್ಲಿ ಉಳಿದ ಧರ್ಮವು ಕಾಪಾಡುವುದೊಂದೇ ಅಲ್ಲವೇ? ಆದರೆ ಅದೇ ಕಾಲದಲ್ಲಿ ಕೆರೆಯು ಮರಾಮತ್ತು ಇಲಾಖೆಯ ಲೆಕ್ಕದ ಪುಸ್ತಕಕ್ಕೆ ಸೇರುತ್ತಿದ್ದಿತು. ಇಲಾಖೆಯವರು ದೊಡ್ಡ ಏರಿಗಳನ್ನು ಭದ್ರಪಡಿಸಿ ಎಷ್ಟೋ ಉಪಕಾರ ಮಾಡಿದರೆಂಬುದು ನಿಜ. ಆದರೆ ನಮ್ಮೂರ ಕೆರೆಯೆಂಬುದು ಸರಕಾರೀ ಕೆರೆಯೆಂದಾದ ಮೇಲೆ, ಬೇಸಗೆಯಲ್ಲಿ ಮನೆಗೊಂದಾಳಿನಂತೆ ಇಳಿದು ಹೂಳೆತ್ತಿ, ಆ ಗೋಡುಮಣ್ಣನ್ನು ತಮ್ಮ ಹೊಲಕ್ಕೇ ಸಾಗಿಸುತ್ತಿದ್ದ ಪದ್ಧತಿಯು ಸಡಿಲವಾಯಿತು. 1911ರಲ್ಲಿ ಬಂದ ಕೆರೆ ಪಂಚಾಯಿತಿಯ ಕಾಯಿದೆಯು ಆ ಹಳೆಯ ಹೊಣೆಯನ್ನು ಊರಿಗೆ ಮರಳಿಸುವ ಯತ್ನವಾಗಿತ್ತು. ಸ್ವಂತ ಇಚ್ಛೆಯಿಂದ ನಡೆಯುತ್ತಿದ್ದುದನ್ನು ಕಾಯಿದೆಯಿಂದ ನಡೆಸುವುದು ಎಷ್ಟು ಪ್ರಯಾಸವೆಂಬುದು ಅನುಭವಿಗಳಿಗೆ ಗೊತ್ತು.

ಇದೇ ಸೀಮೆಯ ಮುದ್ದೇನಹಳ್ಳಿಯವರಾದ ಸರ್ ಎಂ. ವಿಶ್ವೇಶ್ವರಯ್ಯನವರು 1912ರಿಂದ 1918ರವರೆಗೆ ದಿವಾನರಾಗಿದ್ದಾಗ, 1914ರಲ್ಲಿ ಗ್ರಾಮಾಭಿವೃದ್ಧಿಯ ಯೋಜನೆಯು ಆರಂಭವಾಯಿತು. ಹಳ್ಳಿಗೊಂದು ಸಮಿತಿ, ಹಳ್ಳಿಗರು ವಾರಕ್ಕೆ ಅರ್ಧ ದಿವಸ ಕೂಲಿಯಿಲ್ಲದೆ ಊರ ಕೆಲಸಕ್ಕೆ ದುಡಿಯುವುದು, ಬಾವಿ, ಚರಂಡಿ, ದಾರಿ, ಶಾಲೆಯ ಕಟ್ಟಡ, ಇವುಗಳನ್ನು ಆ ದುಡಿಮೆಯಿಂದ ಸರಿಪಡಿಸಿಕೊಳ್ಳುವುದು, ಇದು ಆ ಯೋಜನೆಯ ಸ್ವರೂಪ. ದಾನವನ್ನು ರೂಪಾಯಿಯಿಂದ ಅಳೆಯುವ ಅಭ್ಯಾಸವುಳ್ಳವರಿಗೆ ಅರ್ಧ ದಿವಸದ ಬೆವರು ಅಲ್ಪವೆಂದು ಕಂಡೀತು. ಆದರೆ ಬಡವನೂ ದಾತನಾಗಬಲ್ಲ ದಾನವು ಇದೊಂದೇ. ಕಾಯಕವೇ ಕೈಲಾಸವೆಂದು ನಂಬಿದ ಸಮಾಜಕ್ಕೆ ಈ ಕ್ರಮವು ಹೊಸದಾಗಿ ತೋರುವಂತಿರಲಿಲ್ಲ. ಮುಂದಾಳುಗಳು ಶ್ರದ್ಧೆಯಿಂದ ನಿಂತ ಹಳ್ಳಿಗಳಲ್ಲಿ ಅದು ಫಲಿಸಿತು. ಅಮಲ್ದಾರರ ಭೇಟಿಯ ದಿನಕ್ಕೆ ಮಾತ್ರ ಗುದ್ದಲಿ ಹೊರಬಂದ ಹಳ್ಳಿಗಳಲ್ಲಿ, ಅವರ ಕುದುರೆ ಊರು ದಾಟುತ್ತಲೇ ಗುದ್ದಲಿಯೂ ಅಟ್ಟವನ್ನೇರಿತು.

ಚಿಂತಾಮಣಿಯ ಕಡೆಯಿಂದ ಹೊಸಕೋಟೆಯ ಮಾರ್ಗವಾಗಿ ಬೆಂಗಳೂರಿಗೆ ಹೋಗುವವರು ಪಟ್ಟಣವನ್ನು ಹೊಗುವ ಮುನ್ನ ಎಲೆಮಲ್ಲಪ್ಪ ಶೆಟ್ಟರ ಕೆರೆಯನ್ನು ಕಾಣುವರು. ವೀಳೆಯದೆಲೆಯ ವ್ಯಾಪಾರದಿಂದ ಸಂಪಾದಿಸಿದ ದ್ರವ್ಯವನ್ನು ವೀರಶೈವ ವರ್ತಕರಾದ ಆ ಮಹನೀಯರು ನೀರಿಗಾಗಿ ಸುರಿದರು. ಪುರಾತನರು ಮಾಡುತ್ತಿದ್ದುದನ್ನು ಹೊಸಗಾಲದಲ್ಲಿ ಮಾಡಿದ ಕೊನೆಯ ಕೆಲವರಲ್ಲಿ ಅವರೊಬ್ಬರು. ಅವರಂತೆಯೇ ಪ್ರಾತಃಸ್ಮರಣೀಯರು ಧರ್ಮಪ್ರವರ್ತ ಗುಬ್ಬಿ ತೋಟದಪ್ಪನವರು (1838–1910). ಗುಬ್ಬಿಯಿಂದ ಬಂದು ಬೆಂಗಳೂರಿನ ಪೇಟೆಯಲ್ಲಿ ವ್ಯಾಪಾರದಿಂದ ಮೇಲೆ ಬಂದ ಈ ಸಂತಾನಹೀನರು ಊರೂರಿನ ಪ್ರಯಾಣಿಕರನ್ನೂ ಓದುವ ಹುಡುಗರನ್ನೂ ಮಕ್ಕಳೆಂದು ತಿಳಿದರು. ರೈಲ್ವೆ ನಿಲ್ದಾಣದ ಬಳಿ 1897ರಲ್ಲಿ ನಿವೇಶನವನ್ನು ಕೊಂಡು ಅವರು ಕಟ್ಟಿಸಿದ ಛತ್ರವನ್ನು 1903ರಲ್ಲಿ ಶ್ರೀಮನ್ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರವರು ತೆರೆದರು. ಅವರು ಮಾಡಿದ ವಿಶೇಷವು ಛತ್ರವಲ್ಲ, ಅದರ ಹಿಂದಣ ವ್ಯವಸ್ಥೆ. ಬಾಡಿಗೆ ಬರುವ ಸ್ವತ್ತನ್ನು ಧರ್ಮಕ್ಕೆ ಕಟ್ಟಿ, ಅದನ್ನು ನೋಡಿಕೊಳ್ಳಲು ಧರ್ಮದರ್ಶಿಗಳ ಮಂಡಲಿಯನ್ನು ನೇಮಿಸಿ, ಸರ್ ಕೆ. ಪಿ. ಪುಟ್ಟಣ್ಣ ಚೆಟ್ಟಿಯವರಂಥ ನಿಷ್ಠುರ ಪ್ರಾಮಾಣಿಕರ ಕೈಗೆ ಅದನ್ನೊಪ್ಪಿಸಿದರು. ಹಳೆಯ ಕಟ್ಟುಕೊಡಗೆಯ ಬುದ್ಧಿಯೇ ಇಲ್ಲಿ ದಸ್ತೈವಜಿನ ರೂಪವನ್ನು ತಾಳಿತು. ದಾತರು ಲಿಂಗೈಕ್ಯರಾಗಿ ನೂರು ವರ್ಷಗಳು ಮೀರಿದರೂ ಆ ಧರ್ಮವು ನಿಂತಿಲ್ಲ.

ಮಠಗಳ ದಾಸೋಹಕ್ಕೆ ನಿದರ್ಶನ ಬೇಕಾದರೆ ಸಿದ್ಧಗಂಗೆಯನ್ನು ಬಿಟ್ಟು ಮುಂದಕ್ಕೆ ಹೋಗುವಂತಿಲ್ಲ. ಶ್ರೀ ಉದ್ದಾನ ಶಿವಯೋಗಿಗಳವರು 1917ರಲ್ಲಿ ತೊಡಗಿಸಿದ ಉಚಿತ ವಿದ್ಯಾರ್ಥಿನಿಲಯವು, 2019ರ ಜನವರಿ 21ರಂದು ಲಿಂಗೈಕ್ಯರಾದ ಶ್ರೀ ಶಿವಕುಮಾರ ಮಹಾಸ್ವಾಮಿಗಳವರ ದೀರ್ಘಕಾಲದ ಸೇವೆಯಲ್ಲಿ ಸುಮಾರು 10,000 ವಿದ್ಯಾರ್ಥಿಗಳ ಆಶ್ರಯವಾಗಿ ಬೆಳೆಯಿತು. ಜಾತಿಯನ್ನು ಕೇಳದ ಆ ಪಂಕ್ತಿಗೆ ರಾಗಿಯೂ ಅಕ್ಕಿಯೂ ತರಕಾರಿಯೂ ರೈತರ ಕಣಗಳಿಂದ ಬರುವುವು. ಬೀಸುವವರೂ ಬಡಿಸುವವರೂ ಭಕ್ತರೇ.

ಪಶ್ಚಿಮದಿಂದ ಬಂದ ಸೇವಾಸಂಘಗಳ ವಿಚಾರವನ್ನು ಈಗ ಪ್ರಸ್ತಾಪಿಸಬಹುದು. ರೋಟರಿ ಸಂಸ್ಥೆಯು 1905ರಲ್ಲಿ ಅಮೆರಿಕದ ಶಿಕಾಗೋ ನಗರದಲ್ಲಿ ಹುಟ್ಟಿ, 1919ರಲ್ಲಿ ಕಲ್ಕತ್ತೆಗೂ 1934ರಲ್ಲಿ ಬೆಂಗಳೂರಿಗೂ ಬಂದಿತು. 1917ರಲ್ಲಿ ಹುಟ್ಟಿದ ಲಯನ್ಸ್ ಸಂಸ್ಥೆಯು 1956ರಲ್ಲಿ ಮುಂಬಯಿಯಲ್ಲಿ ಕಾಲಿಟ್ಟಿತು. ಕ್ರಮೇಣ ತಾಲ್ಲೂಕು ಪಟ್ಟಣಗಳಲ್ಲಿಯೂ ಇಂಥ ಸಂಘಗಳು ತಲೆಯೆತ್ತಿದುವು. ವಕೀಲರು, ವೈದ್ಯರು, ರೇಷ್ಮೆಯ ವರ್ತಕರು, ಉಪಾಧ್ಯಾಯರು ವಾರಕ್ಕೋ ಪಕ್ಷಕ್ಕೋ ಒಮ್ಮೆ ಕೂಡಿ, ಚಂದಾ ಎತ್ತಿ, ಕಣ್ಣಿನ ಶಿಬಿರ, ರಕ್ತದಾನ, ಬಡ ಮಕ್ಕಳಿಗೆ ಪುಸ್ತಕ, ಶಾಲೆಗೆ ನೀರಿನ ತೊಟ್ಟಿ ಮುಂತಾದ ಕಾರ್ಯಗಳನ್ನು ನಡೆಸುವರು. ಕುಲವನ್ನೂ ಮತವನ್ನೂ ಕೇಳದೆ ಕೂಡುವ ಇವರ ಪದ್ಧತಿಯನ್ನು ಶರಣರ ಮಕ್ಕಳು ಮೆಚ್ಚಬೇಕು. ಭೋಜನಕೂಟಗಳಿಗೇ ಅರ್ಧ ಚಂದಾ ವೆಚ್ಚವಾಗುವುದೆಂಬ ನಿಂದೆಯು ಕೇಳಿಬರುವುದುಂಟು. ಕೆಲವು ಕಡೆಗಳಲ್ಲಿ ಅದು ನಿಜವೂ ಇರಬಹುದು. ಆದರೆ ಪರೆ ಬಂದ ಕಣ್ಣಿಗೆ ಬೆಳಕನ್ನು ಪಡೆದ ಮುದುಕನು ಭೋಜನದ ಲೆಕ್ಕವನ್ನು ಕೇಳಲು ಹೋಗುವುದಿಲ್ಲ.

ಈ ಸಂಘಗಳ ನಿಜವಾದ ಕೊರತೆಯು ಬೇರೆಡೆಯಲ್ಲಿದೆ. ಅವುಗಳ ಅಧಿಕಾರವರ್ಷವು ಜುಲೈ 1ರಂದು ಮೊದಲಾಗುವುದು; ಪ್ರತಿವರ್ಷವೂ ಹೊಸ ಅಧ್ಯಕ್ಷರು. ಅಧಿಕಾರವು ಒಬ್ಬನ ಸ್ವತ್ತಾಗದಿರಲೆಂಬ ಈ ನಿಯಮದ ಉದ್ದೇಶವು ಒಳ್ಳೆಯದೇ ಆಗಿದೆ. ಆದರೆ ಹೊಸ ಅಧ್ಯಕ್ಷರಿಗೆ ಹೊಸ ಕಾರ್ಯವೇ ಬೇಕಾಗುವುದು ಮನುಷ್ಯಸ್ವಭಾವ. ಹೋದ ವರ್ಷದವರು ನೆಟ್ಟ ಸಸಿಗೆ ನೀರೆರೆದರೆ ಕೀರ್ತಿಯು ಹೋದ ವರ್ಷದವರದಾಗುವುದಲ್ಲವೇ? ಹೀಗೆ ಫಲಕಗಳು ಉಳಿದು ಸಸಿಗಳು ಒಣಗುವುವು. ಇದಕ್ಕೆ ವಿರುದ್ಧವಾದ ನಿದರ್ಶನವನ್ನು ಅದೇ ಸಂಸ್ಥೆಯವರು ಒದಗಿಸಿರುವರೆಂಬುದು ಗಮನಾರ್ಹ. 1985ರಲ್ಲಿ ರೋಟರಿಯು ಪೋಲಿಯೋ ವ್ಯಾಧಿಯ ನಿರ್ಮೂಲನವನ್ನು ಜಗತ್ತಿನ ಮಟ್ಟದಲ್ಲಿ ಕೈಕೊಂಡಿತು. ವರ್ಷವರ್ಷವೂ ಅಧ್ಯಕ್ಷರು ಬದಲಾದರೂ ಕೆಲಸವು ಬದಲಾಗಲಿಲ್ಲ. ಸರಕಾರದ ಆರೋಗ್ಯ ಕಾರ್ಯಕರ್ತರೊಡನೆ ಸೇವಾಕಾರ್ಯಕರ್ತರೂ ನಿಂತು, ಲಸಿಕೆಯ ಭಾನುವಾರಗಳಂದು ಕೂಸುಗಳ ಬಾಯಿಗೆ ಎರಡು ಹನಿ ಹಾಕಿಸುವುದಕ್ಕೆ ದುಡಿದರು. ಭಾರತದಲ್ಲಿ ಈ ವ್ಯಾಧಿಯ ಕೊನೆಯ ಪ್ರಸಂಗವು 2011ರ ಜನವರಿಯಲ್ಲಿ ಬಂಗಾಳದ ಹೌರಾ ಜಿಲ್ಲೆಯಲ್ಲಿ ಕಂಡುಬಂದಿತು. 2014ರ ಮಾರ್ಚ್ 27ರಂದು ದೇಶವು ಪೋಲಿಯೋಮುಕ್ತವೆಂದು ಪ್ರಮಾಣಪತ್ರ ದೊರೆಯಿತು. ಕಾಲೆಳೆದುಕೊಂಡು ನಡೆಯುವ ಎಳೆಯ ಮಕ್ಕಳು ಜಾತ್ರೆಗಳಲ್ಲಿ ಕಾಣದೆ ಹೋದುದನ್ನು ಜನರು ಅಷ್ಟಾಗಿ ಗಮನಿಸಲೂ ಇಲ್ಲ. ಬಹುಕಾಲದ ಧರ್ಮವು ಸಿದ್ಧಿಸಿದಾಗ ಅದರ ಗುರುತು ಹೀಗೆ ಇಲ್ಲದಿರುವುದರಲ್ಲಿಯೇ ಇರುತ್ತದೆ.

ಮತ್ತೆ ಕೆರೆಗೆ ಬರುವುದಾದರೆ, ಕೈವಾರನಾಡಿನ ಕೆರೆಗಳು ಬತ್ತಿದ ಕಾಲದಲ್ಲಿ ಕೊಳವೆಬಾವಿಗಳು ಸಾವಿರ ಅಡಿಗಳನ್ನೂ ಮೀರಿ ಇಳಿದುವು. ಆ ಆಳದ ನೀರಿನಲ್ಲಿ ಫ್ಲೋರೈಡ್ ದೋಷವು ಬಂದು, ಹಲ್ಲೂ ಮೂಳೆಯೂ ಕೆಡುವಂತಾಯಿತು. ಶುದ್ಧೀಕರಿಸಿದ ನೀರಿನ ಯಂತ್ರಗಳನ್ನು ಊರೂರಿಗೆ ಇಡಿಸುವುದೇ ಅರವಟ್ಟಿಗೆಯ ಹೊಸ ರೂಪವಾಯಿತು. 2018ರಲ್ಲಿ ಬೆಂಗಳೂರಿನ ಕೊಳಚೆಯನ್ನು ಸಂಸ್ಕರಿಸಿದ ನೀರನ್ನು ಕೆ. ಸಿ. ವ್ಯಾಲಿ ಯೋಜನೆಯ ಕೊಳವೆಗಳ ಮೂಲಕ ಕೋಲಾರ ಸೀಮೆಯ ಕೆರೆಗಳಿಗೆ ಹರಿಸಲು ತೊಡಗಿದರು. ಯೋಜನೆಗೆ ಗೊತ್ತುಮಾಡಿದ ಕೆರೆಗಳ ಸಂಖ್ಯೆ 126. ಚಿಕ್ಕಬಳ್ಳಾಪುರದ ಕಡೆಗೂ ಇಂಥದೇ ಯೋಜನೆಯೊಂದು ಬಂದಿತು. ಅಂತರ್ಜಲವು ಏರಿತೆಂದು ರೈತರಲ್ಲಿ ಹಲವರು ಸಂತೋಷಪಟ್ಟರು. ನೀರು ಎಷ್ಟರಮಟ್ಟಿಗೆ ಶುದ್ಧವೆಂಬ ಶಂಕೆಯು ನ್ಯಾಯಾಲಯದವರೆಗೆ ಹೋಯಿತು. ಈ ನೀರು ಭೂಮಿಗೆ ಇಂಗಲೆಂದು ಕೊಟ್ಟುದಾದ್ದರಿಂದ ಅದನ್ನು ನೇರವಾಗಿ ಗದ್ದೆಗೆ ಹರಿಸತಕ್ಕದ್ದಲ್ಲವೆಂಬ ನಿಬಂಧನೆಯುಂಟು. ಆದುದರಿಂದ ತೂಬನ್ನು ಎತ್ತಿ ಇಳಿಸುತ್ತಿದ್ದ ನೀರಗಂಟಿಗೆ ಅಲ್ಲಿ ಕೆಲಸವಿಲ್ಲ. ಏರಿಯ ಮೇಲಣ ಜಾಲಿಯನ್ನು ಕಡಿಯುವ, ಇಲಿಬಿಲಗಳನ್ನು ಮುಚ್ಚುವ, ಕೋಡಿಯ ಕಲ್ಲನ್ನು ನೋಡಿ ಬರುವ ಕೆಲಸಗಳು ಮಾತ್ರ ಮೊದಲಿನಂತೆಯೇ ಇವೆ. ಕಟ್ಟುಕೊಡಗೆಯ ಗದ್ದೆಯನ್ನುಣ್ಣುವ ವಂಶಗಳು ಆ ಏರಿಗಳ ಕೆಳಗೆ ಈಗ ಇಲ್ಲ.